ಹಳೆಯ ಕಂಪ್ಯೂಟರಿನ ವೇಗ, ನವಲಿಯ ಬಿಸಿಲು



ನೀವೀಗ ರೇಡಿಯೊ ಹಚ್ಚಿಕೊಂಡು ಕೂತಿದ್ದೀರಿ. ಎಫ್‌ಎಂ ಪಟ್ಟಿಯ ಮೇಲೆ 88ರಿಂದ 108ರವರೆಗೆ ಅಂಕಿಗಳಿರುತ್ತವೆ. ಗುಂಡಿ ತಿರುಗಿಸಿ ಒಂದು ಅಂಕಿಗೆ ತಂದು ನಿಲ್ಲಿಸಿದರೆ ದನಿ ಸ್ವಚ್ಛವಾಗಿ ಕೇಳುತ್ತದೆ. ಆ ಅಂಕಿಗಳು ಮೆಗಾಹರ್ಟ್ಸ್ ಲೆಕ್ಕದವು. 100 ಮೆಗಾಹರ್ಟ್ಸ್ ಅಂದರೆ ಒಂದು ಸೆಕೆಂಡಿಗೆ 10 ಕೋಟಿ ಸಲ ಮಿಡಿಯುವ ಅಲೆ. ನಿಮ್ಮ ಮನೆಯ ಮೂಲೆಯಲ್ಲಿ ಬಟ್ಟೆ ಹೊದಿಸಿಟ್ಟ ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರ್ ಇದ್ದರೆ ಅದರ ಎದೆಯಲ್ಲೂ ಇಂಥದೇ ಒಂದು ಮಿಡಿತವಿದೆ. ಅದರ ಮದರ್‌ಬೋರ್ಡಿನ ಮೇಲೆ ಅವರೆಕಾಳಿನಷ್ಟು ದಪ್ಪದ ಬೆಳ್ಳಿಬಣ್ಣದ ಡಬ್ಬಿಯೊಳಗೆ ಸ್ಫಟಿಕದ ಚೂರೊಂದು ಸೆಕೆಂಡಿಗೆ 1 ಕೋಟಿ 43 ಲಕ್ಷ ಸಲ ನಡುಗುತ್ತಿರುತ್ತದೆ. ಆ ನಡುಕವನ್ನೇ ಹಿಗ್ಗಿಸಿ, ಗುಣಿಸಿ, ಪ್ರೊಸೆಸರಿಗೆ ತಾಳವಾಗಿ ಕೊಡುತ್ತಾರೆ. ಕಾರ್ಖಾನೆಯವರು ಗೊತ್ತುಮಾಡಿದ ತಾಳಕ್ಕಿಂತ ಜೋರಾಗಿ ಪ್ರೊಸೆಸರನ್ನು ಓಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ಇವತ್ತು ಅದರ ಬಗ್ಗೆ ನಾಲ್ಕು ಮಾತು ಆಡಬೇಕೆಂದಿದ್ದೇನೆ.

ನಾನು ನವಲಿಯವನು. ಮೊದಲು ಗಂಗಾವತಿ ತಾಲೂಕಿನಲ್ಲಿದ್ದು ಈಗ ಕನಕಗಿರಿ ತಾಲೂಕಿಗೆ ಸೇರಿದ ಊರು ಅದು. ಭೋಗಾಪುರೇಶನ ಗುಡಿಯಿಂದ ಕೆಲವರಿಗೆ ಗೊತ್ತು, ಕಟ್ಟಬೇಕೆಂದಿರುವ ಜಲಾಶಯದಿಂದ ಈಗ ಎಲ್ಲರಿಗೂ ಗೊತ್ತು. ಊರಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾರ್ಡು, ಜಾತ್ರೆಯ ಕರಪತ್ರ, ಅರ್ಜಿ, ಪಹಣಿಯ ಪ್ರಿಂಟು, ಮಕ್ಕಳ ಪ್ರಾಜೆಕ್ಟು, ಇವೇ ನನ್ನ ದಿನದ ಕೆಲಸ. ಇಷ್ಟೆಲ್ಲ ಮಾಡಿಕೊಡುವುದು ಒಂದೇ ಒಂದು ಹಳೆಯ ಸಿಸ್ಟಂ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿದ್ದಾಗ ಸೆಕೆಂಡ್ ಹ್ಯಾಂಡಿನಲ್ಲಿ ತಂದದ್ದು. ಅದರೊಳಗಿರುವುದು ಇಂಟೆಲ್ ಕಂಪನಿ 2008ರಲ್ಲಿ ಹೊರತಂದ ಪೆಂಟಿಯಂ ಡ್ಯುಯಲ್ ಕೋರ್ ಇ5200. ಹೊಸ ಸಿಸ್ಟಂ ಕೊಳ್ಳುವ ಶಕ್ತಿ ಆಗ ನನಗಿರಲಿಲ್ಲ. ಇದ್ದದ್ದನ್ನೇ ಇನ್ನಷ್ಟು ಜೋರಾಗಿ ಓಡಿಸಬಹುದು ಅಂತ ಗೊತ್ತಾದಾಗ ಆಸೆ ಹುಟ್ಟಿತು. ಆ ಆಸೆ ನನಗೆ ಏನು ಕೊಟ್ಟಿತು, ಏನು ಕಸಿಯಿತು, ಕೊನೆಗೆ ಏನು ಕಲಿಸಿತು ಅನ್ನುವುದೇ ಇವತ್ತಿನ ಮಾತು.

ಮೊದಲು ಲೆಕ್ಕ ನೋಡೋಣ. ಈ ಪ್ರೊಸೆಸರಿಗೆ ಬೋರ್ಡು ಕೊಡುವ ಮೂಲತಾಳ 200 ಮೆಗಾಹರ್ಟ್ಸ್. ಪ್ರೊಸೆಸರ್ ಅದನ್ನು ಹನ್ನೆರಡೂವರೆಯಿಂದ ಗುಣಿಸಿಕೊಳ್ಳುತ್ತದೆ. 200 ಹನ್ನೆರಡೂವರೆಲಿ 2500. ಅಂದರೆ 2.5 ಗಿಗಾಹರ್ಟ್ಸ್, ಸೆಕೆಂಡಿಗೆ 250 ಕೋಟಿ ಬಡಿತ. ಹನ್ನೆರಡೂವರೆ ಅನ್ನುವ ಗುಣಕವನ್ನು ಕಾರ್ಖಾನೆಯಲ್ಲೇ ಬಿಗಿದಿರುತ್ತಾರೆ, ಅದನ್ನು ಏರಿಸಲು ನಮಗೆ ಬರುವುದಿಲ್ಲ. ಮೂಲತಾಳ ಮಾತ್ರ ನಮ್ಮ ಕೈಯಲ್ಲಿದೆ. ಸಿಸ್ಟಂ ಆನ್ ಮಾಡಿದ ಕೂಡಲೆ ಡಿಲೀಟ್ ಕೀಲಿ ಒತ್ತಿದರೆ ಬಯಾಸ್ ಅನ್ನುವ ಪರದೆ ತೆರೆಯುತ್ತದೆ. ಕೆಲವು ಬೋರ್ಡುಗಳಲ್ಲಿ ಅಲ್ಲಿ 200 ಅಂತ ಇರುವ ಕಡೆ ನಾವೇ ಬೇರೆ ಅಂಕಿ ಬರೆಯಬಹುದು. 266 ಅಂತ ಬರೆದರೆ ಪ್ರೊಸೆಸರ್ 3.3 ಗಿಗಾಹರ್ಟ್ಸ್ ದಾಟುತ್ತದೆ. ಒಂದು ರೂಪಾಯಿ ಖರ್ಚಿಲ್ಲದೆ ಮೂರನೆಯ ಒಂದು ಭಾಗದಷ್ಟು ವೇಗ ಹೆಚ್ಚುತ್ತದೆ. ಯಾರಿಗೆ ತಾನೆ ಆಸೆಯಾಗುವುದಿಲ್ಲ?

ಈ ತಾಳ ಅಂದರೇನು, ಅದನ್ನು ಜೋರು ಮಾಡಿದರೆ ಒಳಗೆ ಏನಾಗುತ್ತದೆ ಅನ್ನುವುದನ್ನು ನಮ್ಮ ಗದ್ದೆಯ ಭಾಷೆಯಲ್ಲೇ ಹೇಳುತ್ತೇನೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ಗದ್ದೆಯಲ್ಲಿ ಹಗ್ಗ ಹಿಡಿದು ಸಾಲು ನಾಟಿ ಮಾಡುವುದನ್ನು ನೆನಪಿಸಿಕೊಳ್ಳಿ. ಈ ಬದುವಿನಲ್ಲೊಬ್ಬರು, ಆ ಬದುವಿನಲ್ಲೊಬ್ಬರು ಹಗ್ಗದ ತುದಿ ಹಿಡಿದಿರುತ್ತಾರೆ. ನಡುವೆ ಹತ್ತಿಪ್ಪತ್ತು ಹೆಣ್ಣುಮಕ್ಕಳು ಬಗ್ಗಿ ನಿಂತಿರುತ್ತಾರೆ. ಹಗ್ಗ ಸರಿಯುತ್ತದೆ, ಎಲ್ಲರೂ ಒಂದು ಸಾಲು ಸಸಿ ಊರುತ್ತಾರೆ, ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ, ಹಗ್ಗ ಮತ್ತೆ ಸರಿಯುತ್ತದೆ. ಪ್ರೊಸೆಸರಿನ ತಾಳವೂ ಹೀಗೇ ಸರಿಯುವ ಹಗ್ಗ. ಒಂದು ಬಡಿತಕ್ಕೂ ಇನ್ನೊಂದು ಬಡಿತಕ್ಕೂ ನಡುವೆ ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳು ತಮ್ಮ ತಮ್ಮ ಕೆಲಸ ಮುಗಿಸಿ ಉತ್ತರವನ್ನು ಸಿದ್ಧವಾಗಿಟ್ಟಿರಬೇಕು. 2.5 ಗಿಗಾಹರ್ಟ್ಸಿನಲ್ಲಿ ಅವಕ್ಕೆ ಸಿಗುವ ಹೊತ್ತು ಒಂದು ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದ ಅರ್ಧಕ್ಕಿಂತ ಕಡಿಮೆ. ಅಷ್ಟು ಹೊತ್ತಿನಲ್ಲಿ ಬೆಳಕು ಕೂಡ 12 ಸೆಂಟಿಮೀಟರು, ಅಂದರೆ ಒಂದು ಗೇಣಿಗಿಂತ ಕಡಿಮೆ ದೂರ ಹೋಗುತ್ತದೆ. 3.3ಕ್ಕೆ ಏರಿಸಿದರೆ 9 ಸೆಂಟಿಮೀಟರು.

ಹಗ್ಗವನ್ನು ಬೇಗ ಬೇಗ ಸರಿಸಿದರೆ ಏನಾಗುತ್ತದೆ? ಚುರುಕು ಕೈಯವರು ಹೊಂದಿಕೊಳ್ಳುತ್ತಾರೆ. ಸಾಲಿನಲ್ಲಿ ಎಲ್ಲರಿಗಿಂತ ನಿಧಾನದ ಕೈ ಯಾವುದೋ, ಅಲ್ಲಿ ಒಂದು ಸಸಿ ತಪ್ಪುತ್ತದೆ. ಬದುವಿನ ಮೇಲೆ ನಿಂತು ನೋಡಿದರೆ ಅದು ಕಾಣುವುದಿಲ್ಲ. ಗದ್ದೆಯೆಲ್ಲ ಹಸಿರಾಗಿಯೇ ಇರುತ್ತದೆ. ತಪ್ಪಿದ ಜಾಗ ಕಣ್ಣಿಗೆ ಬೀಳುವುದು ಪೈರು ಎದ್ದ ಮೇಲೆ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ನಾನು ಮತ್ತೆ ಇಲ್ಲಿಗೇ ಬರುತ್ತೇನೆ.

ಹಾಗಿದ್ದರೆ ಕಾರ್ಖಾನೆಯವರು ಹಗ್ಗವನ್ನು ಮೊದಲೇ ಯಾಕೆ ಜೋರಾಗಿ ಸರಿಸಲಿಲ್ಲ? ಇದಕ್ಕೆ ಎರಡು ಕಾರಣ. ಒಂದೇ ಸಿಲಿಕಾನ್ ತಟ್ಟೆಯಲ್ಲಿ ತಯಾರಾದ ಚಿಪ್ಪುಗಳೂ ಒಂದೇ ಗುಣದವಾಗಿ ಬರುವುದಿಲ್ಲ. ಒಂದೇ ಗದ್ದೆಯ ತೆನೆಗಳಲ್ಲಿ ಗಟ್ಟಿ ಕಾಳು, ಜೊಳ್ಳು ಕಾಳು ಇರುವ ಹಾಗೆ. ಪರೀಕ್ಷೆ ಮಾಡಿ ಬೇರೆ ಬೇರೆ ಅಂಕಿಯ ಚೀಟಿ ಹಚ್ಚುತ್ತಾರೆ. ಆ ಚೀಟಿಯನ್ನು ಹಚ್ಚುವಾಗ, ಈ ಚಿಪ್ಪು ಎಲ್ಲಿಗೆ ಹೋಗುತ್ತದೋ, ಅಗ್ಗದ ಬೋರ್ಡಿಗೆ ಕೂರುತ್ತದೋ, ಧೂಳು ತುಂಬಿದ ಕೋಣೆಯಲ್ಲಿ ಎಷ್ಟು ವರ್ಷ ದುಡಿಯುತ್ತದೋ ಅಂತ ಯೋಚಿಸಿ ಒಂದಿಷ್ಟು ಅಂತರ ಬಿಟ್ಟು ಹಚ್ಚುತ್ತಾರೆ. ಇನ್ನೊಂದು ಕಾರಣ ವ್ಯಾಪಾರದ್ದು. ಮಾರುಕಟ್ಟೆಯಲ್ಲಿ ಅಗ್ಗದ ಚಿಪ್ಪಿಗೆ ಬೇಡಿಕೆ ಹೆಚ್ಚಾದರೆ ಒಳ್ಳೆಯ ಚಿಪ್ಪಿಗೂ ಕಡಿಮೆ ಅಂಕಿಯ ಚೀಟಿಯೇ ಬೀಳುತ್ತದೆ. 1998ರಲ್ಲಿ ಬಂದ ಸೆಲೆರಾನ್ 300ಎ ಇದಕ್ಕೆ ಹೆಸರಾದ ಉದಾಹರಣೆ. 66 ಮೆಗಾಹರ್ಟ್ಸ್ ಮೂಲತಾಳದ ಮೇಲೆ 300 ಮೆಗಾಹರ್ಟ್ಸಿನಲ್ಲಿ ಓಡಬೇಕಾದ ಅಗ್ಗದ ಪ್ರೊಸೆಸರ್ ಅದು. ಮೂಲತಾಳವನ್ನು 100ಕ್ಕೆ ಏರಿಸಿದರೆ 450ರಲ್ಲಿ ಓಡಿ, ಆ ಕಾಲದ ದುಬಾರಿ ಪೆಂಟಿಯಂ 2ಕ್ಕೆ ಸರಿಸಮನಾಗಿ ನಿಲ್ಲುತ್ತಿತ್ತು. ಆಗಿನ ಹುಡುಗರಿಗೆ ಅದೊಂದು ನಿಧಿ ಸಿಕ್ಕಂತಾಗಿತ್ತು. 2011ರ ಹೊತ್ತಿಗೆ ಇಂಟೆಲ್ ಕಂಪನಿಯ ಲೆಕ್ಕಾಚಾರ ಬದಲಾಗಿತ್ತು. ಮೂಲತಾಳವನ್ನು ಅಲುಗಿಸಲು ಬಾರದಂತೆ ಮಾಡಿ, ಗುಣಕ ಬಿಚ್ಚಿಟ್ಟ ಚಿಪ್ಪುಗಳನ್ನು ಕೆ ಅಕ್ಷರ ಸೇರಿಸಿ ಬೇರೆ ಬೆಲೆಗೆ ಮಾರತೊಡಗಿದರು. ಅದಕ್ಕೇ ಅದಕ್ಕಿಂತ ಮುಂಚಿನ ಹಳೆಯ ಸಿಸ್ಟಂಗಳಲ್ಲಿ ಬಡವನ ಕೈಗೂ ಈ ಬೀಗದ ಕೈ ಸಿಗುತ್ತದೆ.

ಚೀಟಿಯ ಮೇಲಿನ ಅಂಕಿ ಯಂತ್ರದ ಗಡಿ ಅಲ್ಲ, ಅದು ತಯಾರಕ ಕೊಟ್ಟ ಮಾತು. ಗಡಿ ಅದರಾಚೆ ಎಲ್ಲೋ ಇದೆ. ಮಾತಿಗೂ ಗಡಿಗೂ ನಡುವೆ ಇರುವ ಅಂತರವನ್ನೇ ಓವರ್‌ಕ್ಲಾಕ್ ಮಾಡುವವನು ಬಳಸಿಕೊಳ್ಳುತ್ತಾನೆ. ಆದರೆ ಆ ಅಂತರದಲ್ಲಿ ಪಾಲು ಕೇಳುವುದು ಅವನೊಬ್ಬನೇ ಅಲ್ಲ, ನಮ್ಮ ಸೀಮೆಯ ಬಿಸಿಲೂ ಕೇಳುತ್ತದೆ. ಇದು ನನಗೆ ಅರ್ಥವಾಗುವುದಕ್ಕೆ ಒಂದು ಚಳಿಗಾಲ, ಒಂದು ಬೇಸಿಗೆ ಬೇಕಾಯಿತು.

ಒಂದು ಡಿಸೆಂಬರಿನ ರಾತ್ರಿ ಅಂಗಡಿ ಬಾಗಿಲು ಹಾಕಿಕೊಂಡು ಕೂತೆ. ಹೊರಗೆ ತಣ್ಣಗಿತ್ತು. ಬಯಾಸಿಗೆ ಹೋಗಿ 200 ಇದ್ದದ್ದನ್ನು ಒಂದೇ ಏಟಿಗೆ 266 ಮಾಡಿದೆ. ವಿಂಡೋಸ್ ತೆರೆಯುವ ಮುನ್ನವೇ ಸಿಸ್ಟಂ ನಿಂತುಹೋಯಿತು. ಪ್ರೊಸೆಸರಿನ ವೋಲ್ಟೇಜು 1.25ರ ಹತ್ತಿರ ಇದ್ದದ್ದನ್ನು 1.35ಕ್ಕೆ ಏರಿಸಿದೆ. ಕೆಲಸದ ಕೈಗಳಿಗೆ ಇನ್ನೊಂದಿಷ್ಟು ಅಂಬಲಿ ಕೊಟ್ಟು ಬೇಗ ದುಡಿಸಿದ ಹಾಗೆ. ಈಗ ತೆರೆಯಿತು. ಅರ್ಧ ಗಂಟೆ ಭಾರದ ಕೆಲಸ ಕೊಟ್ಟು ನೋಡಿದೆ. ಚಿಪ್ಪಿನ ಶಾಖ 68 ಡಿಗ್ರಿಗೆ ಹೋಗಿ ನಿಂತಿತು. ಎಲ್ಲ ಸರಿಯಿದೆ ಅಂದುಕೊಂಡೆ. ಮೂರು ತಿಂಗಳು ನಿಜಕ್ಕೂ ಎಲ್ಲ ಸರಿಯಾಗಿಯೇ ಇತ್ತು. ದೊಡ್ಡ ಫೋಟೊ ಹಾಕಿದ ಬ್ಯಾನರುಗಳು ಚಕಚಕನೆ ತೆರೆಯುತ್ತಿದ್ದವು. ಹಳೆಯ ಸಿಸ್ಟಂ ಅಂತ ಯಾರಿಗೂ ಅನಿಸುತ್ತಿರಲಿಲ್ಲ.

ಏಪ್ರಿಲ್ ಬಂತು. ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಬೇಸಿಗೆ ನಿಮಗೆಲ್ಲ ಗೊತ್ತೇ ಇದೆ. ಬಿಸಿಲು 40 ಡಿಗ್ರಿ ದಾಟುತ್ತದೆ. ಆರ್‌ಸಿಸಿ ಚಾವಣಿ ಮಧ್ಯಾಹ್ನ ಹೀರಿದ ಕಾವನ್ನು ರಾತ್ರಿಯವರೆಗೆ ಬಿಡುತ್ತಿರುತ್ತದೆ. ಮದುವೆಯ ಸುಗ್ಗಿಯೂ ಅದೇ ಹೊತ್ತಿಗೆ. ಒಂದು ಮಧ್ಯಾಹ್ನ ಸಿಸ್ಟಂ ಕೆಲಸದ ನಡುವೆ ನಿಂತಿತು. ಮತ್ತೆ ಆನ್ ಮಾಡಿದೆ. ಮತ್ತೆ ನಿಂತಿತು. ಇಷ್ಟೇ ಆಗಿದ್ದರೆ ಸುಧಾರಿಸಿಕೊಳ್ಳುತ್ತಿದ್ದೆ. ಒಂದು ಮನೆಯವರ ಮದುವೆ ಕಾರ್ಡಿನ ಫೈಲು ಹಿಂದಿನ ದಿನ ಸೇವ್ ಆಗಿತ್ತು, ಮರುದಿನ ತೆರೆಯಲೇ ಇಲ್ಲ. ಹುಡುಕಿ ನೋಡಿದರೆ ಆ ವಾರ ಸೇವ್ ಮಾಡಿದ ಇನ್ನೂ ಕೆಲವು ಫೈಲುಗಳು ಕೆಟ್ಟಿದ್ದವು. ನಾಟಿಯ ಮಾತು ಹೇಳಿದೆನಲ್ಲ, ಅದೇ ಆಗಿತ್ತು. ಸಸಿ ತಪ್ಪಿದ್ದು ಯಾವ ಹೊತ್ತಿನಲ್ಲೋ, ಗೊತ್ತಾದದ್ದು ಪೈರು ಎದ್ದ ಮೇಲೆ. ಆ ಮನೆಯವರ ಮುಂದೆ ನಿಂತು ತಪ್ಪು ನನ್ನದು ಅಂತ ಒಪ್ಪಿಕೊಂಡು, ರಾತ್ರಿಯೆಲ್ಲ ಕೂತು ಕಾರ್ಡನ್ನು ಮೊದಲಿಂದ ಮಾಡಿಕೊಟ್ಟೆ. ಮದುವೆ ಮನೆಯವರ ಮುಖದ ಮೇಲಿನ ಆ ಗಾಬರಿ ನನಗೆ ಇವತ್ತಿಗೂ ನೆನಪಿದೆ.

ಯಾಕೆ ಹೀಗಾಯಿತು? ಪ್ರೊಸೆಸರಿನ ಶಾಖವನ್ನು ಫ್ಯಾನು ಗಾಳಿಗೆ ದಾಟಿಸುತ್ತದೆ. ಆದ್ದರಿಂದ ಚಿಪ್ಪು ಎಷ್ಟೇ ತಣ್ಣಗಾದರೂ ಕೋಣೆಯ ಗಾಳಿಗಿಂತ ತಣ್ಣಗಾಗಲಾರದು. ಅದೇ ಕೆಲಸ, ಅದೇ ಫ್ಯಾನು ಇದ್ದರೆ ಕೋಣೆಯ ಶಾಖ ಎಷ್ಟು ಡಿಗ್ರಿ ಏರುತ್ತದೋ ಚಿಪ್ಪಿನ ಶಾಖವೂ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಏರುತ್ತದೆ. ಡಿಸೆಂಬರಿನ ರಾತ್ರಿ ಕೋಣೆಯಲ್ಲಿ 22 ಡಿಗ್ರಿ ಇದ್ದಾಗ 68 ಇದ್ದ ಚಿಪ್ಪು, ಏಪ್ರಿಲಿನ ಮಧ್ಯಾಹ್ನ ಕೋಣೆ 41 ಆದಾಗ 87 ಆಗುತ್ತದೆ. ಕಾದ ಟ್ರಾನ್ಸಿಸ್ಟರು ನಿಧಾನ ಆಗುತ್ತದೆ. ಮುಂಜಾನೆಯ ತಂಪಿನಲ್ಲಿ ಹಗ್ಗಕ್ಕೆ ಸರಿಸಮನಾಗಿ ಊರಿದ ಕೈಗಳೇ ನಡುಮಧ್ಯಾಹ್ನ ಸೋಲುತ್ತವೆ. ಹಗ್ಗ ಸರಿಸುವವನು ಮಾತ್ರ ಮುಂಜಾನೆಯ ವೇಗದಲ್ಲೇ ಸರಿಸುತ್ತಿರುತ್ತಾನೆ.

ವೋಲ್ಟೇಜಿನ ಲೆಕ್ಕ ಇನ್ನೂ ಕಠಿಣ. ಚಿಪ್ಪು ನುಂಗುವ ವಿದ್ಯುತ್ತು ತಾಳದ ಜೊತೆ ನೇರವಾಗಿ ಏರುತ್ತದೆ, ಆದರೆ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. 1.25ನ್ನು 1.35 ಮಾಡಿದ್ದು ನೋಡುವುದಕ್ಕೆ ಅಲ್ಪ. ತಾಳದ ಏರಿಕೆಯನ್ನೂ ಸೇರಿಸಿ ಲೆಕ್ಕ ಹಾಕಿದರೆ, ವೇಗ ಶೇಕಡ 33 ಏರಿದಾಗ ಕಾವು ಶೇಕಡ 55ರಷ್ಟು ಏರಿತ್ತು. ಈ ಗೋಡೆಗೆ ದೊಡ್ಡ ಕಂಪನಿಗಳೇ ಬಂದು ತಾಕಿವೆ. 2004ರಲ್ಲಿ ಇಂಟೆಲ್ ತನ್ನ ಪೆಂಟಿಯಂ 4ನ್ನು 4 ಗಿಗಾಹರ್ಟ್ಸಿಗೆ ಒಯ್ಯುವ ಯೋಜನೆಯನ್ನೇ ಕೈಬಿಟ್ಟು, ಒಂದೇ ಚಿಪ್ಪಿನಲ್ಲಿ ಎರಡು ಕೋರ್ ಕೂಡಿಸುವ ದಾರಿ ಹಿಡಿಯಿತು. 2011ರಲ್ಲಿ ಎಎಂಡಿ ಕಂಪನಿಯ ಎಫ್‌ಎಕ್ಸ್ ಪ್ರೊಸೆಸರೊಂದನ್ನು 8.4 ಗಿಗಾಹರ್ಟ್ಸ್ ದಾಟಿಸಿ ದಾಖಲೆ ಮಾಡಿದ್ದುಂಟು. ಅದಕ್ಕೆ ದ್ರವ ಹೀಲಿಯಂ ಸುರಿಯಬೇಕಾಯಿತು. ಹೀಲಿಯಂ ದ್ರವವಾಗಿ ನಿಲ್ಲುವುದು ಸೊನ್ನೆಗಿಂತ 269 ಡಿಗ್ರಿ ಕೆಳಗೆ. ವೇಗದ ನಿಜವಾದ ಬೆಲೆ ತಂಪು. ನಮ್ಮ ಸೀಮೆಯಲ್ಲಿ ಎಲ್ಲಕ್ಕಿಂತ ಅಭಾವ ಇರುವುದೂ ಅದಕ್ಕೇ.

ಅಂತರ ಅನ್ನುವ ಈ ಮಾತು ನಮ್ಮ ಊರಿನವರಿಗೆ ಹೊಸದೇನಲ್ಲ. ತುಂಗಭದ್ರಾ ಜಲಾಶಯ ಕಟ್ಟಿದಾಗ 133 ಟಿಎಂಸಿ ಅಡಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. ಆ ನಷ್ಟ ತುಂಬಿಕೊಳ್ಳಲು ನವಲಿಯ ಹತ್ತಿರ ಸಮಾನಾಂತರ ಜಲಾಶಯ ಕಟ್ಟಬೇಕು ಅನ್ನುವ ಮಾತು ವರ್ಷಗಳಿಂದ ನಡೆದಿದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಚೈನು ಕಡಿದು ಗೇಟೇ ಕೊಚ್ಚಿಕೊಂಡು ಹೋಯಿತು. ಏಳು ದಶಕ ದುಡಿದ ಕಟ್ಟೆಯಲ್ಲಿ ಸೋತದ್ದು ಒಂದು ಚೈನು. ಉಳಿದ ಗೇಟುಗಳನ್ನು ತೆರೆದು, ತುಂಬಿದ್ದ ನೀರನ್ನು ಹೊರಗೆ ಬಿಟ್ಟು, ಒತ್ತಡ ಇಳಿಸಿಕೊಂಡ ಮೇಲೆಯೇ ತಾತ್ಕಾಲಿಕ ಗೇಟು ಕೂಡಿಸಲು ಸಾಧ್ಯವಾಯಿತು. ಮರುವರ್ಷ, 2025ರ ಮಳೆಗಾಲದಲ್ಲಿ, ಉಳಿದ ಗೇಟುಗಳ ವಯಸ್ಸನ್ನು ಯೋಚಿಸಿ 80 ಟಿಎಂಸಿ ಅಡಿಯಷ್ಟೇ ನೀರು ನಿಲ್ಲಿಸುವ ತೀರ್ಮಾನವಾಯಿತು. ರೈತನಿಗೆ ಅದು ನುಂಗಲಾರದ ತುತ್ತು. ಆದರೆ ಹಳೆಯ ಯಂತ್ರದ ಜೊತೆ ಬಾಳುವುದು ಅಂದರೆ ಅದೇ. ಅದು ಹಿಂದೆ ಎಷ್ಟು ಹೊತ್ತಿತ್ತು ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ, ಇವತ್ತು ಎಷ್ಟು ಹೊರಬಲ್ಲದು ಅಂತ ಅಳೆದು ನೋಡಬೇಕು. ನಾನು ನನ್ನ ಅಂಗಡಿಯ ಸಿಸ್ಟಮ್ಮಿನಲ್ಲಿ ಅಳೆಯದೆ ಹೊರಿಸಿದ್ದೆ.

ಫೈಲುಗಳು ಕೆಟ್ಟ ಆ ಬೇಸಿಗೆ ಕಳೆದ ಮೇಲೆ ಮೊದಲಿಂದ ಶುರುಮಾಡಿದೆ. ಬಯಾಸಿನಲ್ಲಿ ಎಲ್ಲವನ್ನೂ ಕಾರ್ಖಾನೆಯ ಅಂಕಿಗೆ ಹಿಂದಿರುಗಿಸಿ, ಕರೆಂಟಿನ ವೈರು ಕಿತ್ತು, ಕ್ಯಾಬಿನೆಟ್ಟಿನ ಎರಡು ಸ್ಕ್ರೂ ತೆಗೆದು ಪಕ್ಕದ ತಗಡನ್ನು ಜಾರಿಸಿದೆ. ಒಳಗೆ ಕಂಡದ್ದನ್ನು ಹೇಳುತ್ತೇನೆ ಕೇಳಿ. ಫ್ಯಾನಿನ ಎಲೆಗಳ ಅಂಚಿಗೆ ಬೂದು ಬಣ್ಣದ ತುಪ್ಪಳದಂಥ ಧೂಳು ಹತ್ತಿತ್ತು. ಫ್ಯಾನನ್ನು ಬಿಚ್ಚಿ ಎತ್ತಿದರೆ, ಅದರ ಕೆಳಗಿನ ಅಲ್ಯುಮಿನಿಯಂ ಪಟ್ಟಿಗಳ ನಡುವೆ ಒಂದು ಕಂಬಳಿಯ ತುಂಡೇ ಕೂತಿತ್ತು. ನಮ್ಮದು ಗಂಗಾವತಿ, ಕಾರಟಗಿಯ ಅಕ್ಕಿ ಗಿರಣಿಗಳ ಸೀಮೆ. ಎರೆಮಣ್ಣಿನ ಧೂಳಿನ ಜೊತೆ ಭತ್ತದ ಹೊಟ್ಟಿನ ಪುಡಿ, ಒಲೆಯ ಬೂದಿ ಎಲ್ಲ ಗಾಳಿಯಲ್ಲಿರುತ್ತದೆ. ಆ ಕಂಬಳಿಯನ್ನು ಬೆರಳಿನಿಂದ ಎತ್ತಿದಾಗ ಅದು ಪೂರ್ತಿಯಾಗಿ ಒಂದೇ ಹಾಳೆಯಂತೆ ಎದ್ದು ಬಂತು. ಕೂಲರಿನ ನಾಲ್ಕು ಪ್ಲಾಸ್ಟಿಕ್ ಪಿನ್ನುಗಳಲ್ಲಿ ಒಂದು ಸರಿಯಾಗಿ ಕೂತಿರಲೇ ಇಲ್ಲ. ಕೂಲರನ್ನು ಎತ್ತಿ ನೋಡಿದರೆ ಪ್ರೊಸೆಸರಿನ ಮೇಲಿನ ಪೇಸ್ಟು ಹಳೆಯ ಗೋಡೆಯ ಸುಣ್ಣದ ಹಾಗೆ ಒಣಗಿ ಹಕ್ಕಳೆ ಎದ್ದಿತ್ತು. ಇಷ್ಟೆಲ್ಲ ಇದ್ದದ್ದರ ಮೇಲೆ ನಾನು ವೇಗ ಏರಿಸಿದ್ದೆನಲ್ಲ ಅಂತ ನೋವಾಯಿತು.

ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆದೆ. ಹತ್ತಿಗೆ ಸ್ಪಿರಿಟ್ ಹಚ್ಚಿ ಹಳೆಯ ಪೇಸ್ಟನ್ನು ಒರೆಸಿ, ಭತ್ತದ ಕಾಳಿನಷ್ಟು ಹೊಸ ಪೇಸ್ಟನ್ನು ನಡುವೆ ಇಟ್ಟು, ಕೂಲರನ್ನು ನೇರವಾಗಿ ಒತ್ತಿ, ನಾಲ್ಕೂ ಪಿನ್ನು ಟಕ್ ಅನ್ನುವವರೆಗೆ ಕೂಡಿಸಿದೆ. ಪೇಸ್ಟು ಹೆಚ್ಚು ಹಚ್ಚಿದರೆ ಹೆಚ್ಚು ತಂಪು ಅಂತ ಅನೇಕರು ತಿಳಿದಿದ್ದಾರೆ. ಹಾಗಲ್ಲ. ಎರಡು ಲೋಹಗಳ ನಡುವಿನ ಕಣ್ಣಿಗೆ ಕಾಣದ ಸಂದುಗಳನ್ನು ತುಂಬಲು ಎಷ್ಟು ಬೇಕೋ ಅಷ್ಟಿದ್ದರೆ ಸಾಕು. ಒಂದು ಗಂಟೆಯ ಈ ಕೆಲಸಕ್ಕೆ ಚಿಪ್ಪಿನ ಶಾಖ ಹತ್ತು ಡಿಗ್ರಿಗಿಂತ ಹೆಚ್ಚು ಇಳಿಯಿತು. ಅಂತರವನ್ನು ಕಬಳಿಸಿದ್ದು ಬಿಸಿಲೊಂದೇ ಆಗಿರಲಿಲ್ಲ, ಧೂಳೂ ಅದರಲ್ಲಿ ಪಾಲು ತೆಗೆದುಕೊಂಡಿತ್ತು. ಬಿಸಿಲಿನ ಪಾಲನ್ನು ನಾವು ವಾಪಸು ಪಡೆಯಲಾರೆವು, ಧೂಳಿನ ಪಾಲನ್ನು ಪಡೆಯಬಹುದು.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಹಳೆಯ ಸಿಸ್ಟಂ ನಿಧಾನ ಅಂದಾಗ ನಾವು ಪ್ರೊಸೆಸರನ್ನು ದೂರುತ್ತೇವೆ. ಬಹಳ ಸಲ ತಪ್ಪು ಅದರದ್ದಲ್ಲ. ಹಳೆಯ ಹಾರ್ಡ್ ಡಿಸ್ಕಿನ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ. ಬೇಕಾದ ಮಾಹಿತಿ ಸೂಜಿಯ ಕೆಳಗೆ ಬರುವುದಕ್ಕೆ ಸರಾಸರಿ ಅರ್ಧ ಸುತ್ತು ಕಾಯಬೇಕು. ಆ ಅರ್ಧ ಸುತ್ತಿನಲ್ಲಿ ನಮ್ಮ ಪ್ರೊಸೆಸರಿನ ಒಂದು ಕೋಟಿ ಬಡಿತ ಕಳೆದುಹೋಗುತ್ತದೆ. ಗಿರಣಿಯಲ್ಲಿ ಮೇಲಿಂದ ಭತ್ತ ಬೀಳದಿದ್ದರೆ ಮಷಿನಿನ ವೇಗ ಏರಿಸಿ ಏನು ಉಪಯೋಗ? ಒಂದು ಸಣ್ಣ ಎಸ್‌ಎಸ್‌ಡಿ ಹಾಕಿಸಿದರೆ ಈ ಕಾಯುವಿಕೆ ಹೋಗುತ್ತದೆ. ನಿಮ್ಮ ಬಳಿ ಒಂದಿಷ್ಟು ದುಡ್ಡಿದ್ದರೆ ಮೊದಲು ಎಸ್‌ಎಸ್‌ಡಿಗೆ, ಆಮೇಲೆ ರ‍್ಯಾಮಿಗೆ ಹಾಕಿ. ವೇಗ ಏರಿಸುವ ಕೆಲಸ ಆಮೇಲಿನದು. ಬ್ಯಾನರಿನ ದೊಡ್ಡ ಚಿತ್ರ ತಿದ್ದುವುದು, ವಿಡಿಯೊ ಕೂಡಿಸುವುದು, ಇಂಥ ಕೆಲಸಗಳಲ್ಲಿ ಮಾತ್ರ ಪ್ರೊಸೆಸರು ನಿಜವಾಗಿ ಬೆವರುತ್ತದೆ. ತಾಳ ಏರಿಸಿದ ಫಲ ಸಿಗುವುದು ಅಲ್ಲಿಯೇ.

ಇಷ್ಟಾದ ಮೇಲೆ ಮತ್ತೆ ಬಯಾಸಿಗೆ ಹೋದೆ. ಈ ಸಲ ಆತುರ ಮಾಡಲಿಲ್ಲ. ಮೊದಲು ಅಂಗಡಿಯ ಎಲ್ಲ ಫೈಲುಗಳನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿ ಎತ್ತಿಟ್ಟೆ. ಬೋರ್ಡಿನ ಉಳಿದ ಭಾಗಗಳಿಗೆ ಹೋಗುವ ಪಿಸಿಐ ಎಕ್ಸ್‌ಪ್ರೆಸ್ ತಾಳವನ್ನು 100ಕ್ಕೆ ಬಿಗಿದೆ. ಹಾಗೆ ಬಿಗಿಯದಿದ್ದರೆ ಪ್ರೊಸೆಸರಿನ ಜೊತೆ ಅವೂ ಓಡತೊಡಗುತ್ತವೆ. ರ‍್ಯಾಮಿನ ಅನುಪಾತವನ್ನು ಒಂದು ಮೆಟ್ಟಿಲು ಇಳಿಸಿ ಅದರ ಮೇಲೆ ಭಾರ ಬೀಳದಂತೆ ಮಾಡಿದೆ. ವೋಲ್ಟೇಜನ್ನು ಮುಟ್ಟಲಿಲ್ಲ. 200ರಿಂದ 205, 205ರಿಂದ 210, ಹೀಗೆ ಐದೈದರಂತೆ ಏರುತ್ತ ಹೋದೆ. ಪ್ರತಿ ಮೆಟ್ಟಿಲಿನಲ್ಲಿ ಮೆಮ್‌ಟೆಸ್ಟಿನಿಂದ ರ‍್ಯಾಮನ್ನು ಪರೀಕ್ಷಿಸಿದೆ, ಪ್ರೈಮ್95 ಅನ್ನುವ ತಂತ್ರಾಂಶದಿಂದ ಪ್ರೊಸೆಸರನ್ನು ಪರೀಕ್ಷಿಸಿದೆ. ಈ ಪ್ರೈಮ್95 ಹುಟ್ಟಿದ್ದೇ ಬಹುದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವುದಕ್ಕೆ. ಅದರ ಲೆಕ್ಕದಲ್ಲಿ ಒಂದು ಅಂಕಿ ತಪ್ಪಿದರೂ ತಕ್ಷಣ ಹೇಳುತ್ತದೆ. ಅದಕ್ಕೇ ತಪ್ಪಿದ ಸಸಿಯನ್ನು ಅಂದೇ ತೋರಿಸಿಕೊಡುವ ಕಣ್ಣು ಅದು. ಅಂಗಡಿಯ ಕೆಲಸದಲ್ಲಿ ವಾರದ ಮೇಲೆ ಗೊತ್ತಾಗುತ್ತಿದ್ದ ತಪ್ಪು ಅದರಲ್ಲಿ ನಿಮಿಷಗಳಲ್ಲಿ ಗೊತ್ತಾಗುತ್ತದೆ.

230 ದಾಟಿ 233 ಮೆಗಾಹರ್ಟ್ಸಿಗೆ ನಿಲ್ಲಿಸಿದೆ. ಹನ್ನೆರಡೂವರೆಯಿಂದ ಗುಣಿಸಿದರೆ 2.9 ಗಿಗಾಹರ್ಟ್ಸ್. ವೋಲ್ಟೇಜು ಏರದ್ದರಿಂದ ಕಾವು ಏರಿದ್ದು ವೇಗ ಏರಿದಷ್ಟೇ, ಶೇಕಡ 16ರ ಆಚೀಚೆ. ಒಂದು ಗಂಟೆಯ ಭಾರದ ಕೆಲಸ 52 ನಿಮಿಷಕ್ಕೆ ಮುಗಿಯುತ್ತದೆ. ಇನ್ನೂ ಮೇಲಕ್ಕೆ ಹೋಗುತ್ತಿತ್ತು, ನಾನೇ ಹೋಗಲಿಲ್ಲ. ಆದರೂ ಆ ದಿನ ಪರೀಕ್ಷೆ ಮುಗಿಯಿತು ಅಂತ ನಾನು ಅಂದುಕೊಳ್ಳಲಿಲ್ಲ. ಮುಂದಿನ ಏಪ್ರಿಲ್ ಬರುವವರೆಗೆ ಕಾದೆ. ಒಂದು ಭಾನುವಾರ ಮಧ್ಯಾಹ್ನ 3 ಗಂಟೆಗೆ, ಕೋಣೆಯಲ್ಲಿ 40 ಡಿಗ್ರಿ ಇದ್ದಾಗ, ಚಾವಣಿಯ ಫ್ಯಾನನ್ನೂ ನಿಲ್ಲಿಸಿ, ಪ್ರೈಮ್95 ಹಚ್ಚಿ ಎದುರಿಗೆ ಕೂತೆ. ಸಂಜೆಯವರೆಗೆ ಓಡಿತು. ಚಿಪ್ಪು 72 ಡಿಗ್ರಿಗೆ ನಿಂತಿತು. ಒಂದೂ ತಪ್ಪು ಬರಲಿಲ್ಲ. ಅವತ್ತೇ ನಾನು ಈ ವೇಗ ನಮ್ಮದು ಅಂತ ಒಪ್ಪಿಕೊಂಡದ್ದು.

ಕೇಳುಗರೆ, ಇವತ್ತಿನ ನನ್ನ ಇಷ್ಟೂ ಮಾತಿನಲ್ಲಿ ಒಂದನ್ನೇ ಇಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಚಳಿಗಾಲದ ರಾತ್ರಿ ಗೆದ್ದ ವೇಗ ವೇಗವೇ ಅಲ್ಲ. ನಮ್ಮ ಸೀಮೆಯಲ್ಲಿ ಯಂತ್ರವನ್ನು ಅಳೆಯಬೇಕಾದದ್ದು ಬೇಸಿಗೆಯ ಮಧ್ಯಾಹ್ನದ ಮೇಲೆ. ತಂಪು ದೇಶದಲ್ಲಿ ಕೂತು ಬರೆದವರ ಅಂಕಿಯನ್ನು ನಮ್ಮ ಬಯಾಸಿನಲ್ಲಿ ತುಂಬಬೇಡಿ. ಅವರ ಕೋಣೆಯೇ ಬೇರೆ, ನಮ್ಮ ಕೋಣೆಯೇ ಬೇರೆ.

ಕೆಲವರಿಗೆ ವೇಗ ಬೇಕಾಗಿರುವುದಿಲ್ಲ, ಬೇಸಿಗೆಯಲ್ಲಿ ಸಿಸ್ಟಂ ನಿಲ್ಲದೆ ಓಡಿದರೆ ಸಾಕಾಗಿರುತ್ತದೆ. ಅವರು ಇದೇ ಕೀಲಿಯನ್ನು ಹಿಮ್ಮುಖವಾಗಿ ತಿರುಗಿಸಬಹುದು. ವೋಲ್ಟೇಜಿನ ವರ್ಗದ ಲೆಕ್ಕ ಏರುವಾಗ ಹೊಡೆಯುತ್ತದೆ, ಇಳಿಯುವಾಗ ಕಾಯುತ್ತದೆ. ತಾಳವನ್ನು 200ರಲ್ಲೇ ಬಿಟ್ಟು ವೋಲ್ಟೇಜನ್ನು ಮಾತ್ರ 1.25ರಿಂದ 1.15ಕ್ಕೆ ಇಳಿಸಿ, ಅಷ್ಟರಲ್ಲೇ ಚಿಪ್ಪು ತಪ್ಪಿಲ್ಲದೆ ಓಡಿದರೆ, ವೇಗ ಒಂದಿಷ್ಟೂ ಕಡಿಮೆಯಾಗದೆ ಕಾವು ಶೇಕಡ 15ರಷ್ಟು ಇಳಿಯುತ್ತದೆ. ಫ್ಯಾನಿನ ಸದ್ದು ಇಳಿಯುತ್ತದೆ, ಯುಪಿಎಸ್ ಇನ್ನಷ್ಟು ಹೊತ್ತು ತಾಳುತ್ತದೆ. ಇದಕ್ಕೂ ಅದೇ ತಾಳ್ಮೆ ಬೇಕು, ಅದೇ ಪರೀಕ್ಷೆ ಬೇಕು. ತಯಾರಕ ಬಿಟ್ಟ ಅಂತರವನ್ನು ವೇಗಕ್ಕೆ ಖರ್ಚುಮಾಡಬಹುದು, ಇಲ್ಲವೆ ತಂಪಿಗೆ ಖರ್ಚುಮಾಡಬಹುದು. ಎರಡಕ್ಕೂ ಸಾಲುವಷ್ಟು ಅದು ಇರುವುದಿಲ್ಲ.

ಮಾಡಬಾರದ್ದನ್ನೂ ಹೇಳಬೇಕು. ಕಚೇರಿಗಳಿಂದ ಬಂದ ಎಷ್ಟೋ ಬ್ರ್ಯಾಂಡೆಡ್ ಸಿಸ್ಟಂಗಳ ಬಯಾಸಿನಲ್ಲಿ ಈ ಅಂಕಿಗಳು ಇರುವುದೇ ಇಲ್ಲ. ಅಂಥದ್ದಕ್ಕೆ ಅಡ್ಡದಾರಿ ಹುಡುಕಬೇಡಿ, ಧೂಳು ತೆಗೆದು ಎಸ್‌ಎಸ್‌ಡಿ ಹಾಕಿದರೆ ಸಾಕು. ಕರೆಂಟು ಒದಗಿಸುವ ಎಸ್‌ಎಂಪಿಎಸ್ ಹಳೆಯದಾಗಿದ್ದರೆ, ಬೋರ್ಡಿನ ಮೇಲಿನ ಕೆಪಾಸಿಟರುಗಳ ತಲೆ ಉಬ್ಬಿದ್ದರೆ, ತಾಳ ಏರಿಸುವ ಮಾತೇ ಬೇಡ. ಎಸ್‌ಎಂಪಿಎಸ್ ಡಬ್ಬಿಯನ್ನು ನೀವಾಗಿ ಎಂದೂ ಬಿಚ್ಚಬೇಡಿ. ಪ್ಲಗ್ಗು ಕಿತ್ತ ಮೇಲೂ ಅದರೊಳಗೆ ಜೀವಕ್ಕೆ ಅಪಾಯವಾಗುವಷ್ಟು ವಿದ್ಯುತ್ತು ನಿಂತಿರುತ್ತದೆ. ಅಂಕಿ ಬದಲಿಸಿದ ಮೇಲೆ ಪರದೆ ಬೆಳಗದಿದ್ದರೆ ಗಾಬರಿಯಾಗಬೇಡಿ. ಪ್ಲಗ್ಗು ಕಿತ್ತು, ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿಯನ್ನು ಸ್ವಲ್ಪ ಹೊತ್ತು ತೆಗೆದಿಟ್ಟು ಮತ್ತೆ ಕೂಡಿಸಿದರೆ ಬಯಾಸು ಕಾರ್ಖಾನೆಯ ಅಂಕಿಗೆ ಮರಳುತ್ತದೆ. ಇನ್ನು ಊರವರ ಅರ್ಜಿ, ದಾಖಲೆ, ಹಣದ ಲೆಕ್ಕ ಇಡುವ ಸಿಸ್ಟಮ್ಮಿನಲ್ಲಿ ಅವನ್ನೆಲ್ಲ ಬೇರೆ ಡಿಸ್ಕಿಗೆ ಎತ್ತಿಡದೆ ಪ್ರಯೋಗ ಮಾಡಲೇಬೇಡಿ. ಬೇರೆಯವರ ಫೈಲಿನ ಮೇಲೆ ಪ್ರಯೋಗ ಮಾಡುವ ಹಕ್ಕು ನಮಗಿಲ್ಲ. ಅದನ್ನು ನಾನು ಒಂದು ಮದುವೆ ಮನೆಯವರಿಂದ ಕಲಿತೆ.

ಹಾಗಾದರೆ ಈ ಕೆಲಸ ಯಾರಿಗೆ? ಕಲಿಯುವ ಮಕ್ಕಳಿಗೆ ಅಂತ ನಾನು ಹೇಳುತ್ತೇನೆ. ಇ5200 ಕಾಲದ ಪ್ರೊಸೆಸರುಗಳು ಸೆಕೆಂಡ್ ಹ್ಯಾಂಡಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತವೆ. ಅಂಥ ಒಂದು ಹಳೆಯ ಸಿಸ್ಟಮ್ಮನ್ನು ಗುಜರಿಗೆ ಹಾಕುವ ಬದಲು ಒಬ್ಬ ಹುಡುಗಿಗೋ ಹುಡುಗನಿಗೋ ಕೊಡಿ. ಅವರು ಬಿಚ್ಚಲಿ, ಒರೆಸಲಿ, ಐದೈದು ಮೆಗಾಹರ್ಟ್ಸ್ ಏರಿಸಲಿ, ಶಾಖ ಬರೆದಿಡಲಿ, ಎಲ್ಲಿ ನಿಂತಿತು ಅಂತ ನೋಡಲಿ. ವರ್ಗದ ಲೆಕ್ಕ ಪುಸ್ತಕದಲ್ಲಿ ಓದಿದ್ದು ಬೇರೆ, ಅದರ ಕಾವನ್ನು ಫ್ಯಾನಿನ ಗಾಳಿಯಲ್ಲಿ ಕೈಯೊಡ್ಡಿ ತಿಳಿದದ್ದು ಬೇರೆ. ನಾಳೆ ಅವರಲ್ಲೊಬ್ಬರು ಪಂಪ್‌ಸೆಟ್ಟಿನ ಮೋಟರನ್ನೋ, ಕಾಲುವೆಯ ಗೇಟನ್ನೋ ನೋಡಿಕೊಳ್ಳುವ ಕೆಲಸಕ್ಕೆ ಹೋದರೆ, ಚೀಟಿಯ ಅಂಕಿ ಯಾವುದು, ನಿಜವಾದ ಗಡಿ ಯಾವುದು, ನಡುವಿನ ಅಂತರದಲ್ಲಿ ಎಷ್ಟು ಉಳಿದಿದೆ ಅಂತ ಕೇಳುವ ಅಭ್ಯಾಸ ಅವರ ಕೈಗೆ ಆಗಲೇ ಬಂದಿರುತ್ತದೆ.

ನನ್ನ ಸಿಸ್ಟಮ್ಮಿನ ಕ್ಯಾಬಿನೆಟ್ಟಿನ ತಗಡಿನ ಒಳಮೈಗೆ ಈಗ ಒಂದು ಚೀಟಿ ಅಂಟಿಸಿದ್ದೇನೆ. ಅದರ ಮೇಲೆ ಮೂಲತಾಳ 233 ಅಂತ ಇದೆ, ಪರೀಕ್ಷೆ ಮಾಡಿದ್ದು ಏಪ್ರಿಲ್ ತಿಂಗಳ ಮಧ್ಯಾಹ್ನ, ಕೋಣೆಯಲ್ಲಿ 40 ಡಿಗ್ರಿ ಅಂತ ಇದೆ. ಅದರ ಕೆಳಗೆ ಧೂಳು ತೆಗೆದ ತಾರೀಕುಗಳ ಸಾಲು ಇದೆ, ವರ್ಷಕ್ಕೆ ಎರಡರಂತೆ. ಒಂದು ಸುಗ್ಗಿ ಮುಗಿದ ಮೇಲಿನದು, ಇನ್ನೊಂದು ಬೇಸಿಗೆ ಶುರುವಾಗುವ ಮುಂಚಿನದು. ನಾಳೆ ನಾನಿಲ್ಲದಾಗ ಯಾರಾದರೂ ಆ ತಗಡನ್ನು ಬಿಚ್ಚಿದರೆ, ಈ ಯಂತ್ರದಿಂದ ಎಷ್ಟು ಕೇಳಲಾಗಿದೆ, ಯಾವ ಹೊತ್ತಿನಲ್ಲಿ ಕೇಳಲಾಗಿದೆ ಅಂತ ಅವರಿಗೆ ಮೊದಲು ಅದೇ ಕಾಣುತ್ತದೆ.